ಯಾರೂ ಅಳದ ಸಿನೆಮಾ

ಸಿನೆಮಾದಲ್ಲಿ ಯಾರಾದರೂ ಅತ್ತರೆ ನನಗೆ ಸಿಟ್ಟು ಬರುತ್ತದೆ. ಒಳ್ಳೆಯ ನಿರ್ದೇಶಕನಾದವನು ಅಳುವವರನ್ನು ಒಳಗೆ ಕಳಿಸಿ, ಬಾಗಿಲು ಮುಚ್ಚಿ, ಕ್ಯಾಮೆರಾ ಹಿಡಿದುಕೊಂಡು ಹೊರಗೆ ನಿಲ್ಲಬೇಕು. ಒಳಗೆ ಏನಾಗುತ್ತಿದೆ ಎಂದು ನಮಗೆ ತಿಳಿಯುತ್ತದೆ, ನಾವೇನು ದಡ್ಡರಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ. ಇದನ್ನು ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ.

ನಾನಿರುವುದು ಬೀದರಿನಲ್ಲಿ. ಔರಾದಿನ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಬಸ್ಸಿನಲ್ಲಿ ಹೋಗಿ ಬರುವಾಗ ಫೋನಿನಲ್ಲಿ ಹೊರದೇಶದ ಸಿನೆಮಾ ನೋಡುತ್ತೇನೆ. ಹೊಡೆದಾಟದವಲ್ಲ. ಒಬ್ಬ ಹೆಂಗಸು ಆಲೂಗಡ್ಡೆ ಸುಲಿಯುತ್ತಾಳೆ, ಕೊನೆಯ ಆಲೂಗಡ್ಡೆಯವರೆಗೂ ಸುಲಿಯುತ್ತಾಳೆ, ಆಮೇಲೆ ಕಿಟಕಿಯ ಕಡೆ ನೋಡುತ್ತಾಳೆ. ನನಗೆ ಅಷ್ಟಿದ್ದರೆ ಸಾಕು. ಯಾವ ದೇಶದಲ್ಲಿ ಏನು ಬೆಳೆಯುತ್ತಾರೆ ಎಂಬುದನ್ನು ನಾನು ಪುಸ್ತಕ ನೋಡಿಯೇ ಹೇಳಬೇಕು. ಆದರೆ ಆ ದೇಶದಲ್ಲಿ ಗಂಡ ಹೆಂಡತಿ ಮಾತು ಬಿಟ್ಟಾಗ ಹೇಗೆ ಊಟಕ್ಕೆ ಕೂರುತ್ತಾರೆ ಎಂಬುದನ್ನು ಪುಸ್ತಕವಿಲ್ಲದೆ ಹೇಳಬಲ್ಲೆ. ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ನಮ್ಮ ಕಾಲೇಜಿನಲ್ಲಿ ಉರ್ದು ಕಲಿಸುವವರೊಬ್ಬರು ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಾರೆ. ಒಮ್ಮೆ ನನ್ನ ಫೋನಿನೊಳಗೆ ಬಗ್ಗಿ ನೋಡಿದರು. ಅದರಲ್ಲಿ ಒಬ್ಬ ಮನುಷ್ಯ ಬಸ್ಸಿಗಾಗಿ ಕಾಯುತ್ತಿದ್ದ.

"ಇದರಾಗ ಏನಾಗ್ತದ್ರಿ ಸರ?"

"ಕಾಯ್ತಾನ್ರಿ."

"ಬಸ್ಸು ಬರ್ತದೇನ್ರಿ?"

"ಇಲ್ರಿ."

"ಯಾ ಅಲ್ಲಾ! ಇದಕ್ಕ ಫೋನ್ ಯಾಕ ಬೇಕ್ರಿ? ಭಾಲ್ಕಿ ಬಸ್‌ಸ್ಟ್ಯಾಂಡಿಗಿ ಹೋಗಿ ಕೂಡ್ರಿ. ಬೇಕಾದಷ್ಟು ಸಿಗ್ತದ."

ನಾನು ಫೋನನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಔರಾದ ಬರುವವರೆಗೂ ಅವನು ಕಾಯುವುದನ್ನೇ ನೋಡಿದೆ.

ನಮ್ಮವರು ನಮ್ಮ ಹಳ್ಳಿಗಳ ಮೇಲೆ ಮಾಡುವ ಕಲಾತ್ಮಕ ಸಿನೆಮಾಗಳ ಬಗ್ಗೆಯೂ ನನಗೆ ತಕರಾರಿದೆ. ಎಲ್ಲವೂ ಬೂದಿಬಣ್ಣ. ಬೀದರಿನ ಮಣ್ಣು ಕೆಂಪು, ನಮ್ಮ ಹೆಂಗಸರ ಸೀರೆ ಗಿಳಿಹಸಿರು, ಮನೆಯ ಗೋಡೆಗೆ ನೀಲಿ. ಇಷ್ಟನ್ನೆಲ್ಲ ಬೂದಿ ಮಾಡಬೇಕಾದರೆ ಪಾಪ ಎಷ್ಟು ಶ್ರಮಪಟ್ಟಿರಬೇಡ! ಅವುಗಳಲ್ಲಿ ಒಬ್ಬಳು ಮುದುಕಿಯೂ ಇರುತ್ತಾಳೆ. ಹೊಲದ ಬದುವಿನ ಮೇಲೆ ನಿಂತು ದೂರಕ್ಕೆ ನೋಡುತ್ತಲೇ ಇರುತ್ತಾಳೆ. ನಮ್ಮ ಅವ್ವನ ತವರು ಹಲಬರ್ಗಾದಲ್ಲಿ ಯಾರಾದರೂ ಅಷ್ಟು ಹೊತ್ತು ದೂರಕ್ಕೆ ನೋಡಿದರೆ, ದಾರಿಯಲ್ಲಿ ಹೋಗುವವರು "ಯಾಕ ಆಯಿ, ಎಮ್ಮಿ ಕಳದದೇನು?" ಎಂದು ಕೇಳದೆ ಮುಂದೆ ಹೋಗುವುದಿಲ್ಲ.

ಇನ್ನು ಸಮುದ್ರ. ಹೊರದೇಶದವರು ಕೊನೆಗೆ ಸಮುದ್ರದ ಮುಂದೆ ಹೋಗಿ ನಿಲ್ಲುತ್ತಾರೆ, ಅವರ ದುಃಖ ಇಳಿಯುತ್ತದೆ. ಬೀದರ ಜಿಲ್ಲೆಯವರಿಗೆ ಆ ಸೌಲಭ್ಯವಿಲ್ಲ. ನಮ್ಮ ಕಡೆ ದುಃಖ ಇಳಿಸುವುದಕ್ಕೆ ಬೇರೆ ವ್ಯವಸ್ಥೆ ಇದೆ. ಯಾರಾದರೂ ತೀರಿಕೊಂಡರೆ ಮಣ್ಣಿಗೆ ಹೋಗುತ್ತೇವೆ, ಅಂದರೆ ಹೆಣ ಮಣ್ಣು ಮಾಡುವಷ್ಟರಲ್ಲಿ ಹೋಗಿ ಮುಟ್ಟುತ್ತೇವೆ. ಹೆಂಗಸರು ಹೆಣದ ಮುಂದೆ ಕೂತು, ಸತ್ತವರ ಗುಣ ಒಂದೊಂದಾಗಿ ಎತ್ತಿ ಆಡಿ ಅಳುತ್ತಾರೆ. ತಿರುಗಿ ಬಂದು ತಲೆಯ ಮೇಲೆ ನೀರು ಹಾಕಿಕೊಂಡೇ ಒಲೆಯ ಮುಂದೆ ಹೋಗುತ್ತಾರೆ.

ಈ ಅಳುವುದರಲ್ಲಿ ನಮ್ಮ ಅವ್ವನ ಕೈ ಹಿಡಿಯುವವರಿರಲಿಲ್ಲ. "ಆಕಿ ಬರ್ಲಿ ತಡೀರಿ" ಎಂದು ಹೆಣ ಎತ್ತದೆ ಕಾದದ್ದೂ ಉಂಟು. ಸತ್ತವರು ಪರಿಚಯದವರೇ ಆಗಬೇಕೆಂದಿರಲಿಲ್ಲ. ಅವ್ವ ದಾರಿಯಲ್ಲೇ ವಿಚಾರಿಸಿಕೊಂಡು ಹೋಗುತ್ತಿದ್ದಳು. ಮಕ್ಕಳೆಷ್ಟು, ಗಂಡ ಇದ್ದಾನೋ ಇಲ್ಲವೋ, ಕೈ ಹ್ಯಾಂಗಿತ್ತು, ಬಂದವರಿಗೆ ಉಣ್ಣಲಿಕ್ಕೆ ಹಾಕುತ್ತಿದ್ದಳೋ ಇಲ್ಲವೋ. ಬಾಗಿಲಿಗೆ ಮುಟ್ಟುವಷ್ಟರಲ್ಲಿ ಅವಳ ಬಳಿ ಬೇಕಾದದ್ದೆಲ್ಲ ಇರುತ್ತಿತ್ತು. ಜಗಳವಾಡಿ ಮಾತು ಬಿಟ್ಟವರಿಗೂ ಅವಳು ಕಡಿಮೆ ಮಾಡಿ ಅತ್ತವಳಲ್ಲ.

ಹೋದ ವರ್ಷ ಅವ್ವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಬಗ್ಗಬೇಡಿ, ಧೂಳಿನಲ್ಲಿ ಪ್ರಯಾಣ ಬೇಡ, ತಲೆಯ ಮೇಲೆ ನೀರು ಬೇಡ, ಮುಖ್ಯವಾಗಿ ಅಳಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಮರುದಿನ ಮೆಹಕರದಿಂದ ಫೋನು ಬಂತು. ಅವ್ವನೇ ಎತ್ತಿಕೊಂಡಳು. ಅವಳ ಒಬ್ಬಳೇ ಅಕ್ಕ, ಮೆಹಕರಕ್ಕೆ ಕೊಟ್ಟಿದ್ದ ನನ್ನ ದೊಡ್ಡವ್ವ, ಬೆಳಗಿನ ಚಹಾ ಕುಡಿದು ಗೋಡೆಗೆ ಒರಗಿದವಳು ಹಾಗೇ ಹೋಗಿಬಿಟ್ಟಿದ್ದಳು.

ಮನೆಯವರೆಲ್ಲ ಅವ್ವನನ್ನು ಸುತ್ತುವರಿದೆವು. "ಅಳಬ್ಯಾಡವ್ವ, ಕಣ್ಣು ಹೋಗ್ತದ" ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದೆವು. ಅವ್ವ ಅಳಲಿಲ್ಲ, ಅಕ್ಕನ ಮಣ್ಣಿಗೂ ಹೋಗಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ನೆಟ್ಟಗೆ ಕೂತಳು. ಹೊತ್ತು ಹೊತ್ತಿಗೆ ಕಣ್ಣಿಗೆ ಔಷಧಿ ಬಿಡಿಸಿಕೊಂಡಳು. ಅವಳ ಕಣ್ಣಿನಿಂದ ಇಳಿದದ್ದು ಆ ಔಷಧಿಯ ಹನಿಯೊಂದೇ, ಅದನ್ನೂ ನಾನೇ ಹತ್ತಿಯಿಂದ ಒರೆಸಿದೆ.

ಕಣ್ಣು ವಾಸಿಯಾದ ಮೇಲೆ ಅವಳನ್ನು ಮೆಹಕರಕ್ಕೆ ಕರೆದುಕೊಂಡು ಹೋದೆ. ದೊಡ್ಡವ್ವನ ಮಗಳು ಬಾಗಿಲಲ್ಲಿ ನಿಂತಿದ್ದಳು. ಚಿಗವ್ವ, ಅಂದರೆ ನಮ್ಮ ಅವ್ವ, ಬಂದವಳೇ ತನ್ನನ್ನು ತಬ್ಬಿಕೊಂಡು ಅಳುತ್ತಾಳೆಂದು ಕಾದಳು. ಅವ್ವನಿಗೆ ಅಳು ಬರಲಿಲ್ಲ. ಆಗ ಆ ಹುಡುಗಿ ನೀರಿನ ತಂಬಿಗೆ ಮುಂದಿಟ್ಟು ಅಂದಳು:

"ಕಣ್ಣು ಛಲೋ ಆಯ್ತಲ್ಲ ಚಿಗವ್ವ."

ಅಷ್ಟೇ. ಅವ್ವ ಆ ನೀರನ್ನು ಮುಟ್ಟಲಿಲ್ಲ. ಅಂದಿನಿಂದ ಮೆಹಕರದ ಹೆಸರೆತ್ತಲಿಲ್ಲ, ಯಾರ ಮಣ್ಣಿಗೂ ಹೋಗಲಿಲ್ಲ. ಯಾರಾದರೂ ಕರೆಯಲು ಬಂದರೆ "ನಂದು ಮುಗೀತು, ಹೋಗ್ರಿ" ಎನ್ನುತ್ತಿದ್ದಳು. ಹೊಸ ಕಣ್ಣಿನಿಂದ ಗೋಡೆಯ ಬಿರುಕು ನೋಡುತ್ತ ಕೂರುತ್ತಿದ್ದಳು. ನನಗೆ ಹೆದರಿಕೆಯಾಗುತ್ತಿತ್ತು. ಹೀಗೇ ಬಿಟ್ಟರೆ ಅವಳೂ ಒಂದು ದಿನ ಗೋಡೆಗೆ ಒರಗಿದವಳು ಏಳುವುದಿಲ್ಲ ಅನ್ನಿಸುತ್ತಿತ್ತು.

ಬೇರೆ ಉಪಾಯ ತಿಳಿಯದೆ ಭಾನುವಾರ ಮಧ್ಯಾಹ್ನ ಅವಳನ್ನು ಟಿವಿಯ ಮುಂದೆ ಕೂರಿಸಿಕೊಂಡು ನನ್ನ ಸಿನೆಮಾಗಳನ್ನು ತೋರಿಸತೊಡಗಿದೆ. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನಮ್ಮ ಮಾತಿನಲ್ಲಿ ಓದಿ ಹೇಳುವುದು ನನ್ನ ಕೆಲಸ. ಅವ್ವನಿಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ.

"ಈಗೇನಂದಳು ಆಕಿ?"

"ಏನೂ ಅನ್ಲಿಲ್ಲವ್ವ. ಸುಮ್ಮ ಕುಂತಾಳ."

"ಅಂದಾಳ. ನೀನೇ ಹೇಳವಲ್ಲಿ."

ಪ್ರಶಸ್ತಿ ಬಂದ ಒಂದು ಸಿನೆಮಾವನ್ನು "ಆ ಮನ್ಯಾಗ ಯಾರೂ ನೆಟ್ಟಗ ಉಣ್ಣಲ್ಲ" ಎಂದು ಎದ್ದುಹೋದಳು. ಇನ್ನೊಂದರಲ್ಲಿ ತಾಯಿಯ ಜೊತೆ ಮಾತಾಡದ ಮಗನನ್ನು ಕೊನೆಯವರೆಗೂ ಬೈದಳು. ನಾನು ಕೆಮ್ಮಿದೆ. ಒಟ್ಟಿನಲ್ಲಿ ಅವಳ ಅಭಿಪ್ರಾಯಗಳು ನನ್ನವಕ್ಕಿಂತ ಚಿಕ್ಕವಾಗಿದ್ದವು.

ಕಳೆದ ಚಳಿಗಾಲದ ಒಂದು ಭಾನುವಾರ ಒಂದು ಹಿಮದ ದೇಶದ ಸಿನೆಮಾ ಹಾಕಿದೆ. ಏನೂ ಯೋಚಿಸಿ ಹಾಕಿದ್ದಲ್ಲ. ಪೋಸ್ಟರಿನಲ್ಲಿ ಬರೀ ಒಂದು ಕುರ್ಚಿ ಇತ್ತು, ನನಗೆ ಕುರ್ಚಿ ಇಷ್ಟ. ಶುರುವಿನಲ್ಲೇ ಒಬ್ಬಳು ಮುದುಕಿ ಸತ್ತಳು. ಆಮೇಲೆ ಮನೆಯವರು ಕಿಟಕಿ ತೆರೆದರು, ಕುರ್ಚಿ ಸರಿಸಿದರು, ಅವಳ ಬಟ್ಟೆ ಮಡಚಿದರು. ಯಾರೂ ಅಳಲಿಲ್ಲ. ಎಂಥ ಸಂಯಮ ಎಂದು ನಾನು ತಲೆದೂಗುತ್ತಿದ್ದೆ.

"ಯಾರೂ ಅಳವಲ್ರಲ್ಲ?" ಎಂದಳು ಅವ್ವ.

"ಅಲ್ಲಿ ಮಂದಿ ಹಂಗ ಅಳಂಗಿಲ್ಲವ್ವ."

"ಯಾಕ? ಡಾಕ್ಟರ್ ಬ್ಯಾಡ ಅಂದಾರೇನು?"

ನಾನು ಟಿವಿಯ ದನಿ ಸ್ವಲ್ಪ ಏರಿಸಿದೆ. ಅವ್ವ ಮತ್ತೆ ಕೇಳಿದಳು.

"ಮಕ್ಕಳೆಷ್ಟು ಆಕಿಗಿ?"

"ಇಬ್ರವ್ವ."

"ಗಂಡ ಅದಾನ?"

"ಮೊದಲೇ ಹೋಗ್ಯಾನ."

"ಕೈ ಹ್ಯಾಂಗಿತ್ತು? ಬಂದವರಿಗೆ ಉಣ್ಣಲಿಕ್ಕ ಹಾಕ್ತಿದ್ದಳೇನು?"

ಸಿನೆಮಾದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಆದರೂ ಮೇಜಿನ ಸುತ್ತ ತುಂಬ ಕುರ್ಚಿಗಳಿದ್ದವು. ಹಾಕ್ತಿದ್ದಳು ಅಂದೆ. ಅವ್ವ ಕತೆ ತಿಳಿದುಕೊಳ್ಳುತ್ತಿದ್ದಾಳೆಂದೇ ನಾನು ಭಾವಿಸಿದ್ದೆ. ಅವಳು ಮಂಚದಿಂದ ಇಳಿದು, ಟಿವಿಯ ಮುಂದೆ ನೆಲದ ಮೇಲೆ ಕೂತು, ಸೆರಗು ತಲೆಯ ಮೇಲೆ ಎಳೆದುಕೊಂಡಾಗಲೇ ನನಗೆ ಹೊಳೆದದ್ದು. ಅವಳು ದಾರಿಯಲ್ಲಿದ್ದಳು, ಈಗ ಬಾಗಿಲಿಗೆ ಮುಟ್ಟಿದ್ದಳು.

"ಒಬ್ಬರಾದ್ರೂ ಅಳಬೇಕಲ್ಲ," ಎಂದಳು. ಎತ್ತಿದಳು ದನಿ.

"ಯಾ ಊರಾಕಿ ಏನೋ ನಮ್ಮವ್ವ... ಇಷ್ಟು ಕುರ್ಚಿ ಹಾಕಿ ಮಂದಿಗಿ ಉಣಸಿದೆಲ್ಲೇ ನಮ್ಮವ್ವ... ನಿನ್ನ ಮುಂದ ಕುಂತು ಅಳವರಿಲ್ಲಲ್ಲೇ..."

ನಡುವೆ ಉಸಿರು ತೆಗೆದುಕೊಂಡಳು. ಮುಂದಿನ ಮಾತಿಗೆ ಆ ಮುದುಕಿ ಹಿಮದ ದೇಶ ಬಿಟ್ಟು ಹಲಬರ್ಗಾಕ್ಕೆ ಬಂದಿದ್ದಳು.

"ನನ್ನ ಬಗಲಾಗ ಹೊತ್ಕೊಂಡು ಹೊಲಕ್ಕ ಒಯ್ತಿದ್ದೆಲ್ಲೇ ಅಕ್ಕಾ... ಬಿಸಿ ರೊಟ್ಟಿ ನನಗ ಹಾಕಿ ತಂಗಳ ರೊಟ್ಟಿ ನೀ ತಿಂದೆಲ್ಲೇ ಅಕ್ಕಾ... ನಾ ಕರೇ ಚಷ್ಮಾ ಹಾಕ್ಕೊಂಡು ಕುಂತಿದ್ದೆಲ್ಲೇ... ನಿನ್ನ ಮಣ್ಣಿಗಿ ಬರ್ಲಿಲ್ಲಲ್ಲೇ ನನ್ನಕ್ಕಾ..."

ನನ್ನ ಅಭಿಪ್ರಾಯದ ಪ್ರಕಾರ ನಾನು ಎದ್ದು, ಬಾಗಿಲು ಮುಚ್ಚಿ ಹೊರಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅವಳ ಮಗ್ಗುಲಿಗೆ ಕೂತು ನಾನೂ ಜೋರಾಗಿ ಅತ್ತೆ. ದೊಡ್ಡವ್ವನಿಗಾಗಿ ನಾನೂ ಅತ್ತಿರಲಿಲ್ಲ.

ಪಕ್ಕದ ಮನೆಯ ಖಾಲಾ ಹಿಟ್ಟಿನ ಕೈಯಲ್ಲೇ ಓಡಿ ಬಂದರು. "ಕ್ಯಾ ಹುವಾ ಬೇಟಾ? ಯಾರು ಹೋದ್ರು?" ಎಂದು ಕೇಳಿದರು. ನಾನು ಟಿವಿ ನೋಡಿದೆ. ಅಲ್ಲಿ ಇನ್ನೂ ಕುರ್ಚಿ ಸರಿಸುತ್ತಿದ್ದರು.

"ನಮ್ಮ ದೊಡ್ಡವ್ವ, ಖಾಲಾ," ಎಂದೆ.

ದೊಡ್ಡವ್ವ ಹೋಗಿ ವರ್ಷವಾಗುತ್ತ ಬಂದದ್ದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಒಂದು ಮಾತು ಕೇಳದೆ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಅವ್ವನ ಪಕ್ಕ ಕೂತು, ಅವಳ ಬೆನ್ನ ಮೇಲೆ ಕೈ ಇಟ್ಟರು.

ಅತ್ತು ಮುಗಿದ ಮೇಲೆ ಅವ್ವ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ನೀರು ಕಾಸು. ಮಣ್ಣಿಗಿ ಹೋಗಿ ಬಂದು ಹಂಗೇ ಒಲಿ ಮುಂದ ಹೋಗ್ತಾರೇನು? ನೀನೂ ಹಾಕ್ಕೊ, ನನ್ನ ಜೋಡಿ ಬಂದಿದ್ದಿಯಲ್ಲ." ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ತಲೆಯ ಮೇಲೆ ನೀರು ಹಾಕಿಕೊಂಡೆವು. ಖಾಲಾ ತಮ್ಮ ಮನೆಯಿಂದ ರೊಟ್ಟಿ, ಬೇಳೆ ತಂದಿಟ್ಟು ಹೋದರು.

ಅವ್ವ ತಾಟಿನ ಮುಂದೆ ಕೂತವಳು ತುತ್ತು ಎತ್ತಲಿಲ್ಲ. "ಮೆಹಕರಕ್ಕ ಫೋನ್ ಹಚ್ಚು," ಎಂದಳು. ಹಚ್ಚಿ, ಸ್ಪೀಕರಿನ ಮೇಲಿಟ್ಟು ಕೈಗೆ ಕೊಟ್ಟೆ. ಆ ಕಡೆಯಿಂದ ದೊಡ್ಡವ್ವನ ಮಗಳ ದನಿ ಬಂತು. ಅವ್ವ ಕ್ಷೇಮ ಕೇಳಲಿಲ್ಲ, ಏನೂ ಕೇಳಲಿಲ್ಲ. "ನಿಮ್ಮವ್ವ ಹೋದಳಲ್ಲೇ ನನ್ನ ಮಗಳೇ..." ಎಂದು ಮತ್ತೆ ಶುರು ಮಾಡಿದಳು.

ಆ ಕಡೆ ಆ ಹುಡುಗಿಯೂ ಅಳತೊಡಗಿದಳು.

"ಚಿಗವ್ವ, ಅಳಬ್ಯಾಡ," ಎಂದಳು ಬಿಕ್ಕುತ್ತ. "ಕಣ್ಣಿಗಿ ಏನರ ಆದೀತು."

"ಆಗಲಿ ಬಿಡು," ಎಂದಳು ಅವ್ವ.