ಅಕ್ಕಿಹೆಬ್ಬಾಳಿನಲ್ಲೊಂದು ಜ್ಞಾನೋದಯ

ನಮ್ಮ ಕಡೆ ‘ಜ್ಞಾನೋದಯ’ ಎಂಬ ಮಾತನ್ನು ಯಾರೂ ಮೆಚ್ಚುಗೆಗೆ ಬಳಸುವುದಿಲ್ಲ. ಬಸ್ಸು ಹೋದ ಮೇಲೆ ಓಡಿ ಬಂದವನನ್ನು, ‘ಈಗ ಜ್ಞಾನೋದಯ ಆಯ್ತೇನ್ಲಾ?’ ಎಂದು ಕೇಳುತ್ತಾರೆ. ಬುದ್ಧ ಅರಮನೆ ಬಿಟ್ಟು, ಮೈ ಸೊರಗಿಸಿ, ಗಯೆಯ ಅರಳಿಮರದಡಿ ಕೂತು ಗಳಿಸಿದ ಮಾತಿಗೆ ಮಂಡ್ಯದ ಸೀಮೆಯಲ್ಲಿ ಉಳಿದ ಅರ್ಥ ಇಷ್ಟೇ: ಊರಿಗೆಲ್ಲ ಗೊತ್ತಿದ್ದದ್ದು ಕೊನೆಗೆ ಅವನಿಗೂ ಗೊತ್ತಾಯಿತು. ತಪ್ಪು ನಮ್ಮದಲ್ಲ. ಅರಳಿಮರ ಇಲ್ಲಿ ಊರಿಗೊಂದಿದೆ, ಕಟ್ಟೆಯಿದೆ, ಕೂರುವವರೂ ಬೇಕಾದಷ್ಟಿದ್ದಾರೆ. ದಿನಾ ನೋಡುವವರಿಗೆ ಭಕ್ತಿ ಎಲ್ಲಿಂದ ಬರಬೇಕು?

ಅಕ್ಕಿಹೆಬ್ಬಾಳಿನ ನನ್ನ ಚಿಕ್ಕಪ್ಪನಿಗೆ ಬುದ್ಧನ ಕಥೆಯಲ್ಲಿ ಹಿಡಿಸಿದ್ದು ಮನೆ ಬಿಡುವ ಭಾಗ ಮಾತ್ರ. ಸಾರಿಗೆ ಉಪ್ಪು ಕಡಿಮೆಯಾದರೂ ಸಾಕು, ‘ಬುದ್ದನಂಗೆ ಎದ್ದೋಯ್ತೀನಿ ನೋಡು’ ಎನ್ನುತ್ತಿದ್ದ. ತೊಂಬತ್ತರ ದಶಕದ ಆರಂಭ. ಕಾಲೇಜು ಮುಗಿಸಿ ನಾನು ಅಲ್ಲಿ ಕಾಲ ಕಳೆಯುತ್ತಿದ್ದೆ. ಒಂದು ಮಧ್ಯಾಹ್ನ ಚಿಕ್ಕಮ್ಮನಿಗೂ ರೇಗಿತು. ‘ಬರೀ ಯೋಳೋದೇ ಆಯ್ತು. ಓಗಿ ಒಂದ್ಸಲ.’

ಚಿಕ್ಕಪ್ಪ ಟವಲು ಹೆಗಲಿಗೆ ಹಾಕಿ ರೈಲ್ವೆ ಸ್ಟೇಷನ್ನಿಗೆ ನಡೆದೇಬಿಟ್ಟ. ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತು. ‘ನಿಜ್ವಾಗ್ಲೂ ಓಗ್ಬುಟ್ಟಾರು, ಜೊತೇಲಿರಪ್ಪ’ ಎಂದು ನನ್ನನ್ನು ಹಿಂದೆಯೇ ಅಟ್ಟಿದಳು.

ಸ್ಟೇಷನ್ನಿನ ಪಕ್ಕದ ಅರಳಿಮರದಡಿ ಚಿಕ್ಕಪ್ಪ ಕೂತ. ರೈಲು ಬಂತು, ಹೋಯಿತು. ಹತ್ತಲಿಲ್ಲ. ಮನೆಗೂ ಏಳಲಿಲ್ಲ. ‘ಎಂಗ್ಲಾ ವಾಪಸ್ ಓಗದು? ಊರ ಕಟ್ಟೆ ಮೇಲಿರೋರು ನಗಾಡ್ತಾರೆ’ ಎಂದ. ಪಾಪ, ಅಳುವುದೊಂದು ಬಾಕಿ.

ಬುದ್ಧನಿಗೆ ಸುಜಾತೆ ಎಂಬಾಕೆ ಮರದಡಿಗೆ ಹಾಲಿನ ಪಾಯಸ ತಂದುಕೊಟ್ಟಳಂತೆ. ಅದನ್ನುಂಡ ಮೇಲೆಯೇ ಜ್ಞಾನೋದಯ. ಸಂಜೆಗೆ ಚಿಕ್ಕಮ್ಮನೂ ಬಂದಳು, ಕೈಯಲ್ಲಿ ಹಾಲು ಕರೆಯುವ ಖಾಲಿ ಚೊಂಬು ಹಿಡಿದು.

‘ಅಸ ನನ್ ಕೈಗೆ ಆಲು ಕೊಡ್ತಿಲ್ಲ, ಒದೀತದೆ. ಕರ್ಕೊಟ್ಬುಟ್ಟು ಎಲ್ಲಿಗಾದ್ರೂ ಓಗಿ.’

ಚಿಕ್ಕಪ್ಪ ಚೊಂಬು ಇಸಿದುಕೊಂಡು ಎದ್ದ. ಕಟ್ಟೆಯ ಮುಂದೆ ಬಂದಾಗ, ‘ಅಸಿನ ಮಕ ನೋಡಿ ಬಂದೆ ಕಣ್ಲಾ’ ಎಂದು ನನಗೆ ಹೇಳಿದ, ಕಟ್ಟೆಯವರಿಗೆಲ್ಲ ಕೇಳುವಂತೆ. ಅವರು ಯಾರೂ ನಗಲಿಲ್ಲ. ಎಂಥ ಒಳ್ಳೆಯ ಹಸು ಎಂದುಕೊಂಡೆ ನಾನು.

ನಾಲ್ಕೈದು ವರ್ಷಕ್ಕೆ ನನಗೂ ಮದುವೆಯಾಯಿತು. ಪಾಂಡವಪುರದ ಬಾಡಿಗೆ ಮನೆಯಲ್ಲಿ ಒಮ್ಮೆ ಜಗಳವಾಡಿ, ಒಳಗೆ ಹೋಗಲಾರದೆ ಜಗುಲಿಯಲ್ಲಿ ಕೂತಿದ್ದೆ. ‘ಉಪ್ಪಿನಕಾಯಿ ಜಾಡಿ ಮುಚ್ಚಳ ಬಿಗಿಯಾಗಿದೆ, ಸ್ವಲ್ಪ ಬನ್ನಿ’ ಎಂದು ಹೆಂಡತಿ ಒಳಗಿನಿಂದ ಕರೆದಳು. ಎದ್ದು ಹೋದೆ. ಮುಟ್ಟಿದೊಡನೆ ಮುಚ್ಚಳ ಬಂತು. ಅದನ್ನು ಹಿಡಿದು ನಿಂತಲ್ಲೇ ನೆನಪಾಯಿತು: ಚಿಕ್ಕಪ್ಪ ನೆಂಟರೂರಿಗೆ ಹೋದಾಗಲೆಲ್ಲ ಅದೇ ಹಸುವಿನ ಹಾಲು ಕರೆದು ಡೈರಿಗೆ ಹಾಕುತ್ತಿದ್ದವಳು ಚಿಕ್ಕಮ್ಮನೇ.

ಊರಿಗೆಲ್ಲ ಗೊತ್ತಿದ್ದದ್ದು ಕೊನೆಗೆ ನನಗೂ ಗೊತ್ತಾಯಿತು.