ಕಂಡಕ್ಟರ್ ಅಂದಪ್ಪನವರ ಕೆಟ್ಟ ಕಾರು

ಪ್ರತಿ ಸೋಮವಾರ ಗದಗಿನ ಕಾರು ಶೋರೂಮಿನ ಬಾಗಿಲು ತೆರೆಯುವ ಮುಂಚೆಯೇ ನಿವೃತ್ತ ಬಸ್ ಕಂಡಕ್ಟರ್ ಅಂದಪ್ಪನವರು ಮೆಟ್ಟಿಲ ಮೇಲೆ ಹಾಜರು. ಕಂಕುಳಲ್ಲಿ ಹಳೆಯ ಚರ್ಮದ ಚೀಲ, ಕಿವಿಯ ಮೇಲೆ ಪೆನ್ನು. ಅವರ ಎಲೆಕ್ಟ್ರಿಕ್ ಕಾರು ಏಳು ತಿಂಗಳಲ್ಲಿ ಹನ್ನೊಂದು ಸಲ ನಡುದಾರಿಯಲ್ಲಿ ನಿಂತಿದೆ. ಎಲ್ಲಿ ನಿಂತಿತು, ಎಷ್ಟು ಗಂಟೆಗೆ ನಿಂತಿತು ಎಂದು ಬರೆದು, ಅದಕ್ಕೆ ಮ್ಯಾನೇಜರನ ಸಹಿ ಬೀಳುವವರೆಗೆ ಕದಲುವ ಆಸಾಮಿಯಲ್ಲ. ಕೊಟ್ಟ ಚಹಾ ಕುಡಿಯುತ್ತಾರೆ, ಎರಡನೆಯದನ್ನೂ ಕುಡಿಯುತ್ತಾರೆ, ಮಾತು ಮಾತ್ರ ಬದಲಿಸುವುದಿಲ್ಲ: "ಕಂಪನಿ ಕಾರ್ ವಾಪಸ್ ತಗೋಬೇಕು, ಆತು." "ಇನ್ನೊಂದ್ ಸಲ ರಿಪೇರಿ ಮಾಡಿ ಕೊಡ್ತೀವ್ರಿ ಕಾಕಾ" ಎಂದು ಮ್ಯಾನೇಜರ್ ಗೋಗರೆದರೆ, ತುಂಬಿದ ಬಸ್ಸಿನ ಹಿಂಬಾಗಿಲಿಗೂ ಕೇಳಿಸುತ್ತಿದ್ದ ದನಿ ಎದ್ದು ಬರುತ್ತದೆ. "ಬಸ್ ಕೆಟ್ರ ನಾ ಮಂದೀನ ಬ್ಯಾರೆ ಬಸ್ಸಿಗೆ ಹತ್ತಿಸ್ತಿದ್ದೆ, ಇಲ್ಲಾ ಟಿಕೆಟ್ ರೊಕ್ಕ ಹೊಳ್ಳಿ ಕೊಡ್ತಿದ್ದೆ. ರಿಪೇರಿ ಆಗ್ತೈತಿ ತಡೀರಿ ಅಂತ ಏಳ್ ತಿಂಗಳ ಕುಂದರಸ್ಲಿಲ್ರಿ ಸಾಹೇಬ್ರ!" ಹೆಂಡತಿ ದುರಗವ್ವನಿಗೆ ಡೀಸೆಲ್ ವಾಸನೆ ಬಡಿದರೆ ಸಾಕು, ಹೊಟ್ಟೆ ತೊಳಸುತ್ತದೆ, ಮೂವತ್ತು ವರ್ಷ ಗಂಡನ ಬಸ್ಸು ದಿನಾ ಅವಳ ತವರು ಮುಂಡರಗಿಗೆ ಹೋದರೂ ಅವಳು ಹತ್ತಲಿಲ್ಲ. ಕಾರು ಕೊಂಡದ್ದೇ ಅವಳಿಗಾಗಿ. ಮೊದಲ ದಿನವೇ ಅದು ತವರಿನ ದಾರಿಯಲ್ಲಿ, ಡಂಬಳದ ಹತ್ತಿರ ನಿಂತಿತು. ಹೊಸ ಸೀರೆಯ ದುರಗವ್ವ ಮೂಗಿಗೆ ಸೆರಗು ಒತ್ತಿಕೊಂಡು ಡೀಸೆಲ್ ಟೆಂಪೋದಲ್ಲಿ ಮನೆಗೆ ಮರಳಿದಳು. ಆ ಟೆಂಪೋದ ಮಾತು ಯಾವ ದೂರಿನಲ್ಲೂ ಇಲ್ಲ. ಕಳೆದ ಸೋಮವಾರ ಮ್ಯಾನೇಜರ್, ಕಾರು ಎಲ್ಲಿ ನಿಲ್ಲುತ್ತದೋ ಜೊತೆಗೆ ಬಂದು ನೋಡುತ್ತೇನೆಂದು ಕಾರಿನ ಮುಂದಿನ ಎಡಬಾಗಿಲಿಗೆ ಕೈಹಾಕಿದ. ಅಂದಪ್ಪನವರು ಅಡ್ಡ ನಿಂತರು. "ಹಿಂದ ನಡೀರಿ. ಅದು ಹೆಣ್ಮಕ್ಕಳ ಸೀಟು."