ಅಲ್ ನಹ್ದಾದಲ್ಲಿ ರೋವನ್ ಬೆಳೆಸಿದ ಆಂಟಿ

ಎದುರು ಫ್ಲಾಟಿನ ಆಂಟಿ ಚಹಾವನ್ನು ನಿಂತೇ ಕುಡಿಯುತ್ತಿದ್ದರು. ಕುಡಿಯುವಾಗಲೂ ಒಂದು ಹಿಮ್ಮಡಿ ಚಪ್ಪಲಿಯಿಂದ ಹೊರಬಂದು ನೆಲ ತಟ್ಟುತ್ತಲೇ ಇರುತ್ತಿತ್ತು. ಕೂತುಕೊಳ್ಳಿ ಎಂದರೆ, "ಕೂತ್ರೆ ಏಳ್ಲಿಕ್ಕೆ ಉದಾಸೀನ ಆಗ್ತದೆ ಮಾರಾಯ್ತಿ" ಅನ್ನುವರು.

ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ದುಬೈಯ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ನರ್ಸ್. ಮದುವೆಯಾಗಿರಲಿಲ್ಲ. ನಾನು ಮದುವೆಯಾಗಿ ಉಡುಪಿಯಿಂದ ದುಬೈಯ ಈ ಅಲ್ ನಹ್ದಾ ಬಡಾವಣೆಗೆ ಬಂದವಳು. ಆ ವರ್ಷ ನನ್ನ ಮಗು ಹುಟ್ಟುವಾಗಲೇ ತೀರಿಕೊಂಡಿತ್ತು. ಗಂಡ ಕೆಲಸಕ್ಕೆ ಹೋದ ಮೇಲೆ ಪರದೆ ಎಳೆದುಕೊಂಡು ಬಿದ್ದಿರುತ್ತಿದ್ದೆ.

ಕೆಲಸ ಬಿಟ್ಟು ಸ್ಕಾಟ್ಲೆಂಡಿಗೆ ಮರಳಿದ ಡಾಕ್ಟರೊಬ್ಬರು ಆಂಟಿಗೆ ಒಣಗಿದ ಕೆಂಪು ಹಣ್ಣು ಕೊಟ್ಟಿದ್ದರು. ರೋವನ್ ಎಂಬ ಚಳಿದೇಶದ ಮರದ್ದು. ಇಲ್ಲಿ ಬದುಕುವುದಿಲ್ಲ ಎಂದು ನಕ್ಕಿದ್ದರಂತೆ.

"ನಾವು ಬದುಕ್ಲಿಲ್ವಾ ಇಲ್ಲಿ?" ಎಂದ ಆಂಟಿ ಬೀಜ ಬಿಡಿಸಿ, ಒದ್ದೆ ಮರಳಲ್ಲಿ ಕಲಸಿ, ಫ್ರಿಜ್ಜಿನಲ್ಲಿ ಮೀನಿನ ಡಬ್ಬಿಯ ಪಕ್ಕ ಇಟ್ಟರು. ಚಳಿ ತಿನ್ನದೆ ಅವು ಮೊಳೆಯುವುದಿಲ್ಲವಂತೆ. ಹೋಗುತ್ತಾ ಬರುತ್ತಾ ಫ್ರಿಜ್ ತೆರೆದು ಇಣುಕುವರು. ತಿಂಗಳುಗಟ್ಟಲೆ ಕಾದ ಮೇಲೆ ಎರಡು ಮೊಳೆತವು. ಗರಿಯಂಥ ಎಲೆ, ಅಂಚಿಗೆ ಗರಗಸದ ಹಲ್ಲು. ಕುಂಡಗಳನ್ನು ಈ ಕಿಟಕಿಯಿಂದ ಆ ಮೂಲೆಗೆ ಸಾಗಿಸುವುದೇ ಅವರ ಕೆಲಸವಾಯಿತು. ಡ್ಯೂಟಿಗೆ ಹೋಗುವಾಗ ಕೇಳದೆಯೇ ನನ್ನಲ್ಲಿ ತಂದಿಡುವರು.

"ನಿನ್ನ ಎಸಿ ಹೇಗೂ ಓಡ್ತಾ ಉಂಟಲ್ಲ? ಪರದೆ ಮಾತ್ರ ತೆಗಿ. ಇವಕ್ಕೆ ಬೆಳಕು ಬೇಕು."

ಗಿಡಕ್ಕಾಗಿ ಪರದೆ ತೆಗೆದೆ.

ಜುಲೈಯ ಒಂದು ಮಧ್ಯಾಹ್ನ ಕಟ್ಟಡದ ಕರೆಂಟು ಹೋಯಿತು. ಸಂಜೆಯವರೆಗೆ ಬರುವುದಿಲ್ಲ ಎಂದ ವಾಚ್‌ಮನ್. ಎಲೆಗಳು ಆಗಲೇ ಜೋತುಬಿದ್ದಿದ್ದವು. ಡ್ಯೂಟಿ ಮುಗಿಸಿ ಬಂದ ಆಂಟಿ ಯೂನಿಫಾರ್ಮಿನಲ್ಲೇ ಕುಂಡ ಎತ್ತಿಕೊಂಡರು.

"ಯಲ್ಲಾ, ಹೊರಡು, ನನ್ನ ಕಾರಿನ ಕೀ ತಗೋ. ಅಬುಧಾಬಿಗೆ ಹೋಗುವ, ತಂಗಿ ಮನೆಗೆ."

"ನಾನಾ?" ಲೈಸೆನ್ಸ್ ಸಿಕ್ಕಿದ ಮೇಲೆ ಸ್ಟೀರಿಂಗ್ ಮುಟ್ಟಿದವಳಲ್ಲ ನಾನು.

"ಮತ್ತೆ ಕುಂಡ ಯಾರು ಹಿಡಿಯೋದು?"

ಹೆದ್ದಾರಿಯಲ್ಲಿ ಲಾರಿಗಳು ಮೈಮೇಲೆ ಬಂದಂತಾಗುತ್ತಿತ್ತು. ಹಿಂದಿನ ಸೀಟಿನಿಂದ, "ಹೆದರ್ಬೇಡ, ಹೋಗು" ಎಂಬ ದನಿ. ಜೆಬೆಲ್ ಅಲಿ ದಾಟಿದ ಮೇಲೆ ಇದ್ದಕ್ಕಿದ್ದಂತೆ ಅಳು ಬಂತು. ಹೆರಿಗೆಯ ದಿನ ನರ್ಸ್ ತೀರಿಕೊಂಡ ಮಗುವನ್ನು ತೋರಿಸಲು ಬಂದಾಗ ನಾನು ಮುಖ ತಿರುಗಿಸಿದ್ದೆ. ಯಾರಿಗೂ ಹೇಳದಿದ್ದ ಅದನ್ನು ಅಲ್ಲಿ ಹೇಳಿಬಿಟ್ಟೆ.

"ಅಳು. ಕಣ್ಣು ರಸ್ತೆ ಮೇಲೆ ಇರ್ಲಿ," ಎಂದರು ಆಂಟಿ. ಬಹಳ ದೂರ ಹೋದ ಮೇಲೆ ಮೆಲ್ಲಗೆ, "ಅಂಥ ಮಕ್ಕಳನ್ನ ನಾನು ತುಂಬಾ ನೋಡಿದ್ದೇನೆ. ಮುಖ ಒರಸದೆ, ಬಟ್ಟೆ ಸುತ್ತದೆ ಒಂದನ್ನೂ ಕಳಿಸ್ಲಿಲ್ಲ. ನಿನ್ನದನ್ನೂ ಯಾರೋ ಹಾಗೇ ನೋಡಿರ್ತಾರೆ" ಎಂದರು.

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿದ್ದ ಅವರ ತಂಗಿಯ ವಿಲ್ಲಾದ ತಣ್ಣನೆ ಕೋಣೆಯಲ್ಲಿ ಗಿಡಗಳು ಚೇತರಿಸಿಕೊಂಡವು. ಆದರೆ ಮುಂದಿನ ಬೇಸಗೆ ದಾಟಲಿಲ್ಲ. ಆಂಟಿ "ಖಲಾಸ್" ಎಂದು ಕುಂಡ ತೊಳೆದು, ಮರುದಿನವೇ ಉಳಿದ ಬೀಜಕ್ಕೆ ಮರಳು ಒದ್ದೆ ಮಾಡಿದರು.

ಕೆಲವು ವರ್ಷಗಳ ಬಳಿಕ ಅವರು ತಮ್ಮದೇ ಆಸ್ಪತ್ರೆಯಲ್ಲಿ ರೋಗಿಯಾಗಿ ಮಲಗಿದರು. ಅಷ್ಟರಲ್ಲಿ ನಾನು ಶಾಲೆಯೊಂದರಲ್ಲಿ ಟೀಚರಾಗಿದ್ದೆ. ರಜೆ ಹಾಕಿ ಪಕ್ಕದಲ್ಲಿರುತ್ತೇನೆ ಎಂದರೆ ರೇಗಿದರು. "ತಂಗಿ ಇದ್ದಾಳೆ. ನೀನು ಕೂತು ಎಂತ ಮಾಡ್ತಿ? ಮಕ್ಕಳು ಕಾಯ್ತಾರೆ, ಹೋಗು."

ಹೋದೆ. ಪಾಠದ ನಡುವೆ ಅವರ ತಂಗಿಯ ಫೋನು ಬಂತು, ಆಂಟಿ ಹೋಗಿಬಿಟ್ಟರು ಎಂದು. ಬೋರ್ಡಿನ ಮೇಲೆ ವಾಕ್ಯವೊಂದು ಅರ್ಧಕ್ಕೆ ನಿಂತಿತ್ತು. ಅದನ್ನು ಪೂರ್ತಿ ಬರೆದು, ಮಕ್ಕಳಿಗೆ ಓದಿಸಿ, ಆಮೇಲೆ ಹೊರಗೆ ಬಂದು ಅತ್ತೆ.